ಜಾಡಿಯ ಹಿಡಿಯಲ್ಲಿದ್ದ ಹೆಬ್ಬೆಟ್ಟು

ವಿನೆಗರ್ ಅಳೆದು ಹಾಕುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಂದಿಮಾಂಸದ ಬಫಾತ್ ಸಾರಿಗಾಗಲಿ, ಮೀನಿನ ಉಪ್ಪಿನಕಾಯಿಗಾಗಲಿ, ಕರೆಗಟ್ಟಿದ ಮಣ್ಣಿನ ಗಡಿಗೆಗಾಗಲಿ ಮಮ್ಮಿ ಕಣ್ಣಂದಾಜಿನಲ್ಲೇ ಸುರಿಯುತ್ತಿದ್ದರು, ನಾನೂ ಹಾಗೆಯೇ ಕಲಿತೆ. ಅದೇ ಕೈ ಒಂದು ದಿನ ನನ್ನ ಕೆಲಸಕ್ಕೇ ಕುತ್ತು ತಂದಿತು.

ನನ್ನ ಕೆಲಸ ಕೊಲ್ಲಿ ದೇಶದಲ್ಲಿ, ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ. ಹೊರಗೆ ಇಡೀ ದಿನ ವೆಲ್ಡಿಂಗ್ ಸದ್ದು, ಒಳಗೆ ಮರುಭೂಮಿಯ ಉತ್ಖನನದಲ್ಲಿ ಸಿಕ್ಕ ಮಡಕೆಚೂರುಗಳ ಪೆಟ್ಟಿಗೆಗಳು. ಚೂರುಗಳನ್ನು ತೊಳೆದು, ಒಣಗಿಸಿ, ನಂಬರ್ ಬರೆದು ರಿಜಿಸ್ಟರಿಗೆ ಏರಿಸಬೇಕು. ಓದಿದ್ದು ಬಿ.ಕಾಂ. ಯಾರಾದರೂ ಕೇಳಿದರೆ ‘ಪಾತ್ರೆ ತೊಳೆಯುವ ಕೆಲಸ’ ಎನ್ನುತ್ತೇನೆ, ಸುಳ್ಳೇನಲ್ಲ.

ತೊಳೆದದ್ದನ್ನು ಅಧ್ಯಯನ ಮಾಡುವವರು ನಮ್ಮ ಮೇಡಂ, ಗ್ರೀಸ್ ದೇಶದವರು. ಆ ವರ್ಷ ಅವರು ಕಾಯುತ್ತಿದ್ದದ್ದು ಒಂದೇ ಒಂದು ಮುದ್ರೆಗೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ರೋಡ್ಸ್ ದ್ವೀಪದಿಂದ ದ್ರಾಕ್ಷಿ ಮದ್ಯ ಎರಡು ಹಿಡಿಯ ಉದ್ದ ಜಾಡಿಗಳಲ್ಲಿ ದೇಶದೇಶಕ್ಕೆ ಹೋಗುತ್ತಿತ್ತು. ಆಂಫೊರಾ ಎಂದು ಆ ಜಾಡಿಯ ಹೆಸರು. ಸುಡುವ ಮೊದಲು ಹಿಡಿಗಳ ಮೇಲೆ ಮುದ್ರೆ ಒತ್ತುತ್ತಿದ್ದರು. ಒಂದರಲ್ಲಿ ಜಾಡಿ ಮಾಡಿದ ವರ್ಷದ ಅಧಿಕಾರಿಯ ಹೆಸರು, ಇನ್ನೊಂದರಲ್ಲಿ ಕಾರ್ಖಾನೆಯವನದ್ದು. ಎಷ್ಟೋ ಮುದ್ರೆಗಳಲ್ಲಿ ನಟ್ಟನಡುವೆ ಒಂದು ಗುಲಾಬಿ ಹೂವಿನ ಚಿತ್ರ. ಹೆಸರು ಸಿಕ್ಕರೆ ಜಾಡಿ ಎಲ್ಲಿಯದು, ಸುಮಾರು ಯಾವ ಕಾಲದ್ದು ಎಂದು ಹೇಳಬಹುದು. ಸಮುದ್ರದಿಂದ ದೂರವಿದ್ದ ಆ ಉತ್ಖನನದ ಮರಳಿನೂರಿಗೆ ಆ ವ್ಯಾಪಾರ ತಲುಪಿತ್ತೆಂದು ತೋರಿಸಲು ಅವರಿಗೆ ಅದು ಬೇಕಿತ್ತು.

ಆ ಗುರುವಾರ ಮೇಡಂ ದುಬೈಗೆ ಹೋಗಿದ್ದರು. ಸುಣ್ಣದಂಥ ಕರೆ ಹಿಡಿದ ಒಂದು ದಪ್ಪ ಹಿಡಿ ನನ್ನ ಕೈಗೆ ಬಂತು. ಬ್ರಶ್ಶಿಗೆ ಜಗ್ಗಲಿಲ್ಲ. ತೆಳ್ಳಗೆ ಮಾಡಿದ ವಿನೆಗರನ್ನು ಹನಿಹನಿಯಾಗಿ, ಅವರ ಎದುರಿಗೇ ಹಾಕಬೇಕೆಂಬುದು ನಿಯಮ. ಇಷ್ಟಕ್ಕೆಲ್ಲ ಮೇಡಂ ಯಾಕೆ ಎಂದುಕೊಂಡು ಬೇಸಿನ್ನಿಗೆ ಬಾಟಲಿ ಬಗ್ಗಿಸಿದೆ, ಹಿಡಿಯನ್ನು ಮುಳುಗಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಕರೆ ಪೂರಾ ಬಿಟ್ಟಿತ್ತು. ಕರೆ ಇದ್ದ ಕಡೆ ಒಂದು ದುಂಡನೆಯ ಗುರುತು, ಅದರೊಳಗೆ ಏನೂ ಇಲ್ಲ.

ಮುದ್ರೆ ಇತ್ತು, ಅಕ್ಷರಗಳನ್ನು ನಾನು ಕರಗಿಸಿಬಿಟ್ಟಿದ್ದೆ. ಮುಂದಿನ ತಿಂಗಳು ಕಾಂಟ್ರಾಕ್ಟ್ ರಿನ್ಯೂವಲ್, ಅದಕ್ಕೇ ಅಂಟಿಕೊಂಡ ವೀಸಾ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಕಾಲ ಮಣ್ಣಿನಲ್ಲಿ ಉಳಿದದ್ದನ್ನು ನಾನು ಒಂದು ಊಟದ ಹೊತ್ತಿನಲ್ಲಿ ಮುಗಿಸಿದೆನಲ್ಲ ಎಂಬ ನಾಚಿಕೆ. ಹಿಡಿಯನ್ನು ನೀರಿನಲ್ಲಿ ತೊಳೆದು, ಒಣಗುವ ಜಾಲರಿಯ ಮೇಲಿಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಆಗ ಪಪ್ಪ ವಿಸಿಟ್ ವೀಸಾದಲ್ಲಿ ಬಂದು ಬನಿಯಾಸಿನ ನಮ್ಮ ಫ್ಲ್ಯಾಟಿನಲ್ಲಿದ್ದರು. ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಮಾಡಿನ ನೆತ್ತಿಗೆ ಕೂರಿಸುವ ಹಂಚುಗಳ ಮೇಲೆ ಕೈಯಿಂದಲೇ ಧಣಿಗಳ ಹೆಸರು ಒತ್ತುವುದು ಅವರ ಕೆಲಸವಾಗಿತ್ತು. ಮನೆಯಲ್ಲಿ ನಮ್ಮದು ಕೊಂಕಣಿ. ಪಪ್ಪ ಕನ್ನಡಕ್ಕೆ ತಿರುಗಿದರೆ ಸಿಟ್ಟು ಬಂದಿದೆ ಎಂದರ್ಥ. ಆ ಸಂಜೆ ನಾನು ಎಲ್ಲವನ್ನೂ ಹೇಳಿದ ಮೇಲೆ ಕನ್ನಡಕ್ಕೇ ತಿರುಗಿದರು.

“ನಿನಗೆ ಬುದ್ಧಿ ಉಂಟಾ? ಅದೆಂತ ಪೋರ್ಕ್ ಬಫಾತಾ, ವಿನೆಗರ್ ಸುರಿಲಿಕ್ಕೆ?”

ಬೈದು ಮುಗಿಸಿ ಅವರೇ ಕೇಳಿದರು, “ಒದ್ದೆ ಇರುವಾಗ ನೋಡಿದ್ದಾ?”

“ಹೌದು.”

“ನೆನೆದ ಹಂಚಲ್ಲಿ ಸವೆದ ಮುದ್ರೆ ಕಾಣುದಿಲ್ಲ ಮಾರಾಯ್ತಿ. ನಾಳೆ ಒಣಗಿದ ಮೇಲೆ ನೋಡು. ಮೊದಲು ತಿರುಗಿಸಿ ಅಡಿ ನೋಡು. ಹಸಿ ಮಣ್ಣಿಗೆ ಮುದ್ರೆ ಒತ್ತುವಾಗ ಅಡಿಯಿಂದ ಕೈ ಕೊಡ್ಲೇಬೇಕು, ಇಲ್ಲದಿದ್ರೆ ಹಿಡಿ ಕುಸೀತದೆ. ಹೆಬ್ಬೆಟ್ಟಿನ ಗುಂಡಿ ಇರ್ತದೆ. ಅದರಲ್ಲಿ ಬೆರಳಿನ ಗೆರೆ ಉಳಿದಿದ್ರೆ ನಿನ್ನ ವಿನೆಗರ್ ಎಂತದೂ ತಿನ್ನಲಿಲ್ಲ ಅಂತ ಲೆಕ್ಕ. ಮತ್ತೆ ಮುದ್ರೆಗೆ ಟಾರ್ಚನ್ನು ಬದಿಯಿಂದ ಹಿಡಿ.”

ಶುಕ್ರವಾರ ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆದವಳು ನಾನೇ. ಹಿಡಿ ಒಣಗಿ ತಿಳಿ ಕೇಸರಿ ಬಣ್ಣಕ್ಕೆ ಬಂದಿತ್ತು. ತಿರುಗಿಸಿದೆ. ಅಡಿಯಲ್ಲಿ ಒಂದು ಪುಟ್ಟ ಗುಂಡಿ, ಭೂತಗನ್ನಡಿಯಲ್ಲಿ ಅದರೊಳಗೆ ಸಣ್ಣ ಸಣ್ಣ ಗೆರೆಗಳು. ಮತ್ತೆ ಮೇಲ್ಮುಖ ಮಾಡಿ ಮೊಬೈಲಿನ ಟಾರ್ಚನ್ನು ಬದಿಯಿಂದ ಹಿಡಿದೆ. ನಡುವೆ ಗುಲಾಬಿ, ಸುತ್ತಲೂ ಸವೆದ ಅಕ್ಷರಗಳು, ನೆರಳಿನಲ್ಲಿ ಒಂದೊಂದಾಗಿ ಎದ್ದವು. ನಾನು ನೆಲದ ಮೇಲೇ ಕೂತುಬಿಟ್ಟೆ. ಹಿಂದಿನ ದಿನ ಬಾರದ ಅಳು ಆಗ ಬಂತು, ಅಳುತ್ತಲೇ ನಗುವೂ ಬಂತು. ಎದೆಯ ಮೇಲಿನ ಅಕ್ಕಿಮೂಟೆ ಇಳಿಸಿದಷ್ಟು ಹಗುರವಾಗಿದ್ದೆ.

ಮೇಡಂ ಬಂದ ಕೂಡಲೇ ಎಲ್ಲವನ್ನೂ ಒಪ್ಪಿಕೊಂಡೆ. ಮುಖ ಕೆಂಪಾಗಿ, ವಿನೆಗರ್ ಬಾಟಲಿಯನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಮುದ್ರೆಯ ಮುಂದೆ ಬಹಳ ಹೊತ್ತು ಕೂತು, ಇದು ವರ್ಷದ ಅಧಿಕಾರಿಯ ಹೆಸರು, ಪೂರ್ತಿ ಓದಬಹುದು ಎಂದರು. ಅಡಿ ನೋಡಬೇಕೆಂದು ಯಾರು ಹೇಳಿದರು ಎಂದೂ ಕೇಳಿದರು. ಹೇಳಿದೆ. ಖಲಾಸ್, ಅದು ಮುಗಿಯಿತು, ಹೋಗಿ ರಿಜಿಸ್ಟರ್ ಬರೆ ಎಂದರು. ನನ್ನ ಕೆಲಸ ಉಳಿಯಿತು.

ಸಂಜೆ ಪಪ್ಪನಿಗೆ ಮುದ್ರೆಗಳಲ್ಲಿ ಎರಡು ಬಗೆಯ ಹೆಸರಿರುತ್ತದೆ ಎಂದು ವಿವರಿಸಿದೆ, ಒಂದರಲ್ಲಿ ಅಧಿಕಾರಿಯದು, ಒಂದರಲ್ಲಿ ಕಾರ್ಖಾನೆಯವನದು.

“ಒತ್ತಿದವನದ್ದು?”

“ಇಲ್ಲ.”

“ನಮ್ಮಲ್ಲಿಯೂ ಇರ್ಲಿಲ್ಲ,” ಎಂದು ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸತೊಡಗಿದರು. ಅವರು ಕನ್ನಡದಲ್ಲೇ ಇದ್ದರು, ಆದರೆ ಸಿಟ್ಟಿರಲಿಲ್ಲ.

ರಿಜಿಸ್ಟರಿನ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಷರಾ ಎಂಬ ಕೊನೆಯ ಕಾಲಮ್ಮನ್ನು ನಾವು ಖಾಲಿ ಬಿಡುವುದೇ ಹೆಚ್ಚು. ಅಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ಸಾಲನ್ನು ಅವರಿಗೆ ಓದಿ ಹೇಳಿದೆ: ಹಿಡಿಯ ಅಡಿಯಲ್ಲಿ, ಮುದ್ರೆ ಒತ್ತಿದವನ ಹೆಬ್ಬೆಟ್ಟಿನ ಗುರುತು ಇದೆ.

ಪಪ್ಪ ಕೈ ತೊಳೆದು, ಒರೆಸಿಕೊಂಡು ಬಂದು, ಇನ್ನೊಮ್ಮೆ ಓದು ಎಂದರು.