ನಗದೆ ನಗಿಸುವ ಲೂರ್ದಿತಕ್ಕ

ಕೆಮ್ಮಿದರೂ ಸೀನಿದರೂ ಬಟ್ಟೆ ಒದ್ದೆಯಾಗುವ ನಮ್ಮಂಥ ಹೆಂಗಸರಿಗೆ ಇಲೋಯಿಲೋ ಊರಿನ ಆರೋಗ್ಯ ಕೇಂದ್ರದಲ್ಲಿ ಪಾಠ ಹೇಳುವ ನರ್ಸು ಲೂರ್ದಿತಕ್ಕನಿಗೆ ಪಿಸುಮಾತೆಂದರೆ ಆಗದು. "ನಲ್ಲಿ ಸೋರಿದ್ರೆ ಪ್ಲಂಬರ್ ಹತ್ರ ನಾಚ್ಕೋತೀರೇನ್ರೇ?" ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಾಳೆ. ಅವಳ ಗರಡಿಮನೆಯೆಂದರೆ ಊರಿನ ಜೀಪ್ನಿ ಬಸ್ಸು. ನಮ್ಮನ್ನೆಲ್ಲ ಅದರಲ್ಲಿ ಕೂರಿಸಿಕೊಂಡು, "ಗುಂಡಿ ಬಂತು, ಬಿಗಿ ಹಿಡೀರೇ!" ಎಂದು ಕೂಗುತ್ತಾಳೆ; ಉಚ್ಚೆ ತಡೆಯುವ ಒಳಗಿನ ಸ್ನಾಯುವನ್ನು ಆಗ ಬಿಗಿದು, ಗುಂಡಿ ದಾಟಿದ ಮೇಲೆ ಸಡಿಲ ಬಿಡಬೇಕು. ಒಳ್ಳೊಳ್ಳೆ ಗುಂಡಿಗಳಿದ್ದ ಒಂದು ರಸ್ತೆಗೆ ಡಾಂಬರು ಹಾಕಿಸಿದ ಮೇಯರ್ ಮೇಲೆ ಅವಳಿಗೆ ಇನ್ನೂ ಸಿಟ್ಟು. ಕೊನೆಯ ಪರೀಕ್ಷೆ ನಗುವಿನದು. ಪಾದ್ರಿಯ ಹಂದಿ ತಪ್ಪಿಸಿಕೊಂಡ ಕಥೆಯನ್ನು ಅವಳು ಹೇಳುತ್ತಾಳೆ. ಹೊಟ್ಟೆ ಹಿಡಿದು ನಕ್ಕೂ ಒದ್ದೆಯಾಗದವರು ಪಾಸು. ಹೇಳುವವಳದು ಮಾತ್ರ ಸದಾ ಗಂಟುಮುಖ. ಅದು ಶಿಸ್ತು ಎಂದುಕೊಂಡಿದ್ದೆವು. ಒದ್ದೆಯಾದೀತೆಂದು ಮೊಮ್ಮಗಳ ಮದುವೆಗೂ ಹೋಗದೆ ಉಳಿದಿದ್ದ ಪಸೀತಜ್ಜಿ ಮೊನ್ನೆ ಬಿದ್ದು ಬಿದ್ದು ನಕ್ಕು, ಎದ್ದು ನಿಂತು, "ನೋಡ್ರೇ, ಕುರ್ಚಿ ಒಣಗೇ ಐತೆ!" ಎಂದು ಕುಣಿದಾಗ ಲೂರ್ದಿತಕ್ಕನಿಗೆ ತಡೆಯಲಾಗಲಿಲ್ಲ. ನಾವು ಕಂಡಂತೆ ಮೊದಲ ಸಲ ಗಹಗಹಿಸಿ ನಕ್ಕಳು. ನಕ್ಕವಳೇ ಥಟ್ಟನೆ ಕಾಲು ಜೋಡಿಸಿ, ಪಾಯಖಾನೆಯ ಕಡೆ ದಾಪುಗಾಲು ಹಾಕಿದಳು. ನಾವೆಲ್ಲ ಒಟ್ಟಿಗೆ ಅವಳ ಬೆನ್ನ ಹಿಂದೆ ಕೂಗಿದೆವು: "ಗುಂಡಿ ಬಂತು ಅಕ್ಕಾ, ಬಿಗಿ ಹಿಡಿ!"