ಹಳ್ಳದಾಚೆಯ ಪರೀಕ್ಷೆ

ನಮ್ಮೂರ ಶಾಲೆಯ ಗಣಿತದ ಅಕ್ಕೋರಿಗೆ ಅಮೆರಿಕದ ವಿಶ್ವವಿದ್ಯಾಲಯ ಸೇರುವಾಸೆ. ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸುತ್ತ, “ಅಲ್ಲಿ ಊರು, ಮನೆತನ ಕೇಳೂದಿಲ್ಲ, ಅಂಕ ಅಷ್ಟ ನೋಡ್ತಾರ” ಎನ್ನುತ್ತಿದ್ದರು.

ಪ್ರವೇಶ ಪರೀಕ್ಷೆ ಮುಂಬಯಿಯಲ್ಲಿತ್ತು. ಪರೀಕ್ಷೆಯ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವ ಕೊನೆಯ ರೈಲಿಗೆ ಅವರನ್ನು ಹತ್ತಿಸಲು, ಕಾಲೇಜು ರಜೆಯಲ್ಲಿದ್ದ ನಾನೂ ಅಣ್ಣಿಗೇರಿ ಸ್ಟೇಶನ್ನಿಗೆ ಹೊರಟ ಚಕ್ಕಡಿ ಏರಿದೆ. ನಮ್ಮಲ್ಲಿ ಹನಿ ಬಿದ್ದಿರಲಿಲ್ಲವೆಂದು ದಾರಿಗೆ ಅಡ್ಡವಿದ್ದ ಹಳ್ಳಕ್ಕೆ ಇಳಿದೆವು. ಮೇಲೆ ಧಾರವಾಡದ ಕಡೆ ಮಳೆ ಸುರಿದದ್ದು ಗೊತ್ತಿರಲಿಲ್ಲ. ನಡುಹಳ್ಳದಲ್ಲಿ ರಾಡಿನೀರು ನುಗ್ಗಿತು. ಚಕ್ಕಡಿಯವನು ನೊಗ ಬಿಚ್ಚಿ, “ಎತ್ತಿನ ಬಾಲ ಹಿಡೀರಿ ಬೇ!” ಎಂದು ಚೀರಿದ. ಅಕ್ಕೋರು ಒಂದು ಕೈಯಲ್ಲಿ ಬಾಲ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದರು. ಆ ನೀರು ಇಂದಿಗೂ ನನ್ನ ಮೂಗಿಗೆ ಏರುತ್ತದೆ.

ಎತ್ತುಗಳು ನಮ್ಮನ್ನು ಊರಿನ ದಡಕ್ಕೇ ಮರಳಿ ಎಳೆದು ತಂದವು.

“ಜೀವ ಉಳೀತಲ್ರಿ, ಅಕ್ಕೋರ,” ಎಂದ ಚಕ್ಕಡಿಯವನು.

“ಹೌದ್ರಿ,” ಎಂದರು. ಆದರೆ ಆಚೆಯ ಬಯಲಿನಲ್ಲಿ ರೈಲಿನ ಹೊಗೆ ಕರಗುವವರೆಗೂ ಊರಿನ ಕಡೆ ತಿರುಗಲಿಲ್ಲ.