ಅಕ್ಕ ಓದಿದ ಹಾಗರಳು

ಅಕ್ಕನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಗಂಜಿನೀರು ಬಿದ್ದು ಸುಟ್ಟ ಕಲೆಯಿದೆ. ಆ ಕೈಯಲ್ಲಿ ಬೈಬಲ್ ಹಿಡಿದು ಅವಳು ಮಾತಾಡಲು ಎದ್ದ ದಿನ ನಾನು ಅವಳ ಪರ ನಿಲ್ಲಲಿಲ್ಲ. ಹಾಡು ಎತ್ತಿ ಅವಳ ಮಾತು ನಿಲ್ಲಿಸಿದೆ.

ನನಗೆ ಓದು ತಲೆಗೆ ಹತ್ತಲಿಲ್ಲ, ಏಳನೆಯಲ್ಲೇ ಬಿಟ್ಟೆ. ಅಕ್ಕ ಅಷ್ಟನ್ನೂ ಓದದೆ ಮಂಗಳೂರಿನ ಒಂದು ಕ್ರೈಸ್ತರ ಮನೆಯಲ್ಲಿ ಕೆಲಸಕ್ಕೆ ನಿಂತಿದ್ದಳು. ಕೈ ಸುಟ್ಟದ್ದು ಅಲ್ಲೇ. ಆ ಮನೆಯ ದೊಡ್ಡಮ್ಮನೇ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಅವಳನ್ನು ಅಮೆರಿಕಕ್ಕೆ ಕರೆತಂದದ್ದು. ಮುಂದೆ ಅಕ್ಕ ಅವರನ್ನು ಬಿಟ್ಟು ಹೇವರ್ಡ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು, ನನ್ನನ್ನೂ ಕರೆಸಿಕೊಂಡಳು.

ಜೊತೆಗೆ ದುಡಿಯುವ ಕಪ್ಪು ಹೆಂಗಸರು ಅವಳನ್ನು ತಮ್ಮ ಚರ್ಚಿಗೆ ಕರೆದೊಯ್ದರು. ಬುಧವಾರ ಸಂಜೆ ಅವರು ಬೈಬಲ್ ಓದುವ ರೀತಿಯೇ ಬೇರೆ. ಅಬ್ರಹಾಮನ ನಂಬಿಕೆ ಇರಲಿ, ಅವನ ಹೆಂಡತಿ ಸಾರಳು ತನ್ನ ದಾಸಿ ಹಾಗರಳನ್ನು ಅವನ ಹಾಸಿಗೆಗೆ ಕಳಿಸುವಾಗ ಆ ದಾಸಿಯನ್ನು ಯಾರು ಕೇಳಿದರು ಎನ್ನುತ್ತಿದ್ದರು. ಬಿಳಿಯರ ಅಡುಗೆಮನೆಗಳಲ್ಲಿ ಸವೆದ ತಮ್ಮ ಅಜ್ಜಿಯರನ್ನು ನೆನೆದು ಅಳುತ್ತಿದ್ದರು, ನಗುತ್ತಿದ್ದರು. ಮನೆಗೆ ಬಂದ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ದೇವರಿಗೆ ಮೊದಲು ಹೆಸರಿಟ್ಟದ್ದು ಯಾರು ಗೊತ್ತುಂಟಾ? ಕೆಲಸದವಳು ಮಾರಾಯ, ಹಾಗರಳು. ‘ನನ್ನನ್ನು ನೋಡುವ ದೇವರು’ ಅಂತ."

"ಅಕ್ಕಾ, ಅನ್ನ ಸೀದೀತು."

"ಸೀಯಲಿ."

ತಿಂಗಳ ಕನ್ನಡ ಪ್ರಾರ್ಥನೆ ಸ್ಯಾನ್ ಮಟಿಯೋದಲ್ಲಿ, ದೊಡ್ಡಮ್ಮನ ಮಗನ ಮನೆಯಲ್ಲಿ. ಆಗ ಎಲ್ಲರ ಬಾಯಲ್ಲೂ ಸ್ಟಾಕು, ಸ್ಟಾರ್ಟಪ್ಪು. ಆ ಮಗ ಮೆನ್ಲೋ ಪಾರ್ಕಿನ ತನ್ನ ಆಫೀಸಿನಲ್ಲಿ ನನಗೊಂದು ಕೆಲಸ ಕೊಡಿಸುವೆನೆಂದಿದ್ದ. ನಮ್ಮಲ್ಲಿ ಯಾರಾದರೂ ಸಾಕ್ಷಿ, ಅಂದರೆ ದೇವರು ತಮ್ಮ ಬಾಳಲ್ಲಿ ಮಾಡಿದ್ದನ್ನು, ಹೇಳುತ್ತ ಉದ್ದಕ್ಕೆ ಎಳೆದರೆ ಒಬ್ಬರು ಮೆಲ್ಲಗೆ ಕೀರ್ತನೆ ಎತ್ತುತ್ತಾರೆ, ಉಳಿದವರು ಸೇರುತ್ತಾರೆ, ಹೇಳುವವರು ಕೂರುತ್ತಾರೆ. ಕಂಠ ಚೆನ್ನಾಗಿದೆಯೆಂದು ಆ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ.

ಅಕ್ಕ ಎದ್ದು ಹಾಗರಳ ಮಾತು ತೆಗೆದಳು.

"ಏನು ಸಿಸ್ಟರ್, ಆ ಚರ್ಚಿನ ಥಿಯಾಲಜಿ ಈಗ ನಮಗೂನಾ?" ಎಂದು ಮಗ ನಕ್ಕ.

"ಸಾರಳೂ ಪ್ರಾರ್ಥನೆ ಮಾಡುವವಳೇ. ಆದ್ರೂ ದಾಸಿಯನ್ನು ಗೋಳಾಡಿಸಿದಳು. ನಾನೂ ಒಂದು ಮನೆಯಲ್ಲಿ..." ಎಂದು ಅಕ್ಕ ದೊಡ್ಡಮ್ಮನ ಕಡೆ ತಿರುಗಿದಳು. ದೊಡ್ಡಮ್ಮ ಕನ್ನಡಕ ತೆಗೆದು ಅವಳನ್ನೇ ನೋಡುತ್ತಿದ್ದರು.

ನಾನು ಹಾಡಿದೆ. ಎಲ್ಲರೂ ಸೇರಿದರು. ದೊಡ್ಡಮ್ಮನ ತುಟಿ ಮಾತ್ರ ಅಲುಗಲಿಲ್ಲ.

"ಎಂತಕ್ಕೆ ಹಾಡಿದ್ದು?" ಕಾರಿನಲ್ಲಿ ಅಕ್ಕ ಕೇಳಿದಳು.

"ದೊಡ್ಡಮ್ಮ ಸನ್ನೆ ಮಾಡಿದ್ರು" ಎಂದುಬಿಟ್ಟೆ.

ಅವಳು ಮತ್ತೆ ಆ ಮನೆ ಮೆಟ್ಟಲಿಲ್ಲ. ದೊಡ್ಡಮ್ಮ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ನನಗೆ ಕೆಲಸ ಸಿಕ್ಕಿತು, ವರ್ಷ ತುಂಬುವುದರೊಳಗೆ ಆಫೀಸೇ ಮುಚ್ಚಿತು. ಆಮೇಲೆ ದೊಡ್ಡಮ್ಮ ತೀರಿಕೊಂಡರು. "ಕೊನೇವರೆಗೂ ನಿನ್ನ ಅಕ್ಕನ್ನೇ ಕೇಳ್ತಿದ್ರು ಕಣೋ" ಎಂದ ಮಗ. ಅಕ್ಕ ಮಣ್ಣಿಗೂ ಹೋಗಲಿಲ್ಲ.

ಮಣ್ಣಾದ ವಾರದ ಬುಧವಾರ ಅವಳ ಹಿಂದೆಯೇ ಹೇವರ್ಡ್‌ನ ಆ ಚರ್ಚಿಗೆ ಹೋದೆ. ಹೆಂಗಸರು ಸರಿದು ಜಾಗ ಕೊಟ್ಟರು. ಹೇಳುವುದೇನಾದರೂ ಇದೆಯೇ ಎಂದು ಒಬ್ಬಾಕೆ ನನ್ನನ್ನು ಕೇಳಿದಳು. ನನ್ನ ಇಂಗ್ಲಿಷಿಗೆ ಅದು ಮೀರಿದ್ದು. ಅಕ್ಕ ಅಂದಳು, "ಕನ್ನಡದಲ್ಲೇ ಹೇಳು. ನಾನು ಇವರಿಗೆ ತಿಳಿಸ್ತೇನೆ."

ಎದ್ದೆ. ಅಕ್ಕನ ಕಡೆ ತಿರುಗಿದೆ.

"ಅಕ್ಕಾ, ದೊಡ್ಡಮ್ಮ ಸನ್ನೆ ಮಾಡಿರಲಿಲ್ಲ. ನೀನು ಹೇಳೋದನ್ನ ಅವರು ಕೇಳ್ತಾ ಇದ್ರು. ಕೆಲಸ ತಪ್ಪೀತು ಅಂತ ನಾನೇ ಹಾಡಿದ್ದು. ನಿನಗೆ ಸುಳ್ಳು ಹೇಳಿದೆ. ತಪ್ಪಾಯ್ತು ಅಕ್ಕಾ. ಇದನ್ನ ಇವರಿಗೂ ಹೇಳು."